ಪದವಿಗೆ ಮಿಗಿಲಾದ ವಿದ್ವತ್ತು: ಮೇರಿ ವಿಟನ್ ಕಾಲ್ಕಿನ್ಸ್

ವಿದ್ಯೆ ಬೇರೆ, ವಿದ್ಯೆಗೆ ಸಲ್ಲುವ ಪದವಿ ಬೇರೆ. ಆದರೂ ಇವೆರಡೂ ಒಂದನ್ನೊಂದು ಹಿಂಬಾಲಿಸಿ ಬರತಕ್ಕವೆಂಬುದು ಲೋಕದ ನಂಬಿಕೆ. ವಿದ್ಯಾರ್ಥಿಯಾದವನು ಗೊತ್ತುಪಡಿಸಿದಷ್ಟು ಕಾಲ ವ್ಯಾಸಂಗ ಮಾಡಬೇಕು, ನಿಯಮಿಸಿದ ಗ್ರಂಥಗಳನ್ನು ಓದಿ ಮುಗಿಸಬೇಕು, ಪ್ರಯೋಗಶಾಸ್ತ್ರವಾದರೆ ಪ್ರಯೋಗಗಳನ್ನು ಸ್ವತಃ ಮಾಡಿ ನೋಡಬೇಕು, ಪ್ರೌಢಪ್ರಬಂಧವನ್ನು ರಚಿಸಬೇಕು, ಕಡೆಗೆ ಪರೀಕ್ಷಕರೆದುರಿಗೆ ನಿಂತು ತನ್ನ ಮತವನ್ನು ಸಮರ್ಥಿಸಬೇಕು. ಇಷ್ಟನ್ನೂ ನೆರವೇರಿಸಿದವನಿಗೆ ವಿದ್ಯಾಪೀಠವು ಪದವಿಯನ್ನು ಕೊಡತಕ್ಕದ್ದು. ಇದು ವಿದ್ಯಾಪೀಠಕ್ಕೂ ವಿದ್ಯಾರ್ಥಿಗೂ ನಡುವೆ ಇರುವ ಧರ್ಮಬದ್ಧವಾದ ಒಡಂಬಡಿಕೆ. ವಿದ್ಯಾರ್ಥಿಯು ತನ್ನ ಪಾಲಿನ ನಿಬಂಧನೆಗಳೆಲ್ಲವನ್ನೂ ಪೂರೈಸಿ, ಪರೀಕ್ಷಕರಿಂದ ಒಕ್ಕೊರಲಿನ ಮೆಚ್ಚುಗೆಯನ್ನು ಪಡೆದ ಮೇಲೆಯೂ ವಿದ್ಯಾಪೀಠವು ಕೈಹಿಡಿದು ಬರಿಗೈಯಲ್ಲಿ ಕಳುಹಿಸಿದರೆ ಆ ವಿದ್ಯಾರ್ಥಿಯ ಗತಿಯೇನು? ಅಂಥ ಅನ್ಯಾಯಕ್ಕೊಳಗಾಗಿಯೂ ಮನಸ್ಸನ್ನು ಕಹಿಯಾಗಿಸಿಕೊಳ್ಳದೆ, ಒಂದು ಶಾಸ್ತ್ರದ ಅಗ್ರಪಂಕ್ತಿಯಲ್ಲಿ ನಿಂತು, ಸಾವಿರಾರು ವಿದ್ಯಾರ್ಥಿನಿಯರಿಗೆ ಬೆಳಕಾದ ಅಮೆರಿಕದ ವಿದುಷಿ ಮೇರಿ ವಿಟನ್ ಕಾಲ್ಕಿನ್ಸ್ ಅವರ ಜೀವನವೇ ಈ ಪ್ರಶ್ನೆಗೆ ಉತ್ತರವಾಗಿದೆ.

ಜನನ ಮತ್ತು ಬಾಲ್ಯ

ಮೇರಿ ಕಾಲ್ಕಿನ್ಸ್ ಅವರು 1863ನೆಯ ಇಸವಿ ಮಾರ್ಚ್ 30ರಂದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ತಂದೆ ವೂಲ್ಕಾಟ್ ಕಾಲ್ಕಿನ್ಸ್ ಕ್ರೈಸ್ತ ಧರ್ಮಬೋಧಕರು. ಐವರು ಮಕ್ಕಳಲ್ಲಿ ಮೇರಿಯವರೇ ಹಿರಿಯರು. ಬಾಲ್ಯವು ನ್ಯೂಯಾರ್ಕ್ ಸಂಸ್ಥಾನದ ಬಫೆಲೋ ನಗರದಲ್ಲಿ ಕಳೆಯಿತು. ಮೇರಿಯವರಿಗೆ ಹದಿನೇಳು ವರ್ಷವಾಗಿದ್ದಾಗ ಕುಟುಂಬವು ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂಟನ್ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿ ಕಟ್ಟಿಸಿದ ಮನೆಯೇ ಮೇರಿಯವರಿಗೆ ಕೊನೆಯವರೆಗೂ ಆಶ್ರಯವಾಯಿತು.

ಹೆಣ್ಣುಮಕ್ಕಳ ಉನ್ನತ ವಿದ್ಯಾಭ್ಯಾಸವನ್ನು ಶಂಕೆಯಿಂದ ನೋಡುತ್ತಿದ್ದ ಕಾಲವದು. ಆದರೆ ವೂಲ್ಕಾಟ್ ಅವರು ಮಗಳ ಓದಿನ ವಿಷಯದಲ್ಲಿ ತಾವೇ ಮುತುವರ್ಜಿ ವಹಿಸಿದರು. ಮುಂದೆ ಮಗಳಿಗೆ ವಿದ್ಯಾಪೀಠದ ಬಾಗಿಲು ಮುಚ್ಚಿದಾಗ ಅದನ್ನು ತಟ್ಟಲು ಮೊದಲು ಎದ್ದು ನಿಂತವರೂ ಈ ತಂದೆಯೇ.

1882ರಲ್ಲಿ ಮೇರಿಯವರು ಸ್ಮಿತ್ ಕಾಲೇಜನ್ನು ಸೇರಿದರು. ಅವರ ಯೋಗ್ಯತೆಯನ್ನು ಮನಗಂಡು ಮೊದಲ ವರ್ಷವನ್ನು ಬಿಟ್ಟು ಎರಡನೆಯ ವರ್ಷದ ತರಗತಿಗೇ ಸೇರಿಸಿಕೊಂಡರು. ಮರುವರ್ಷ ತಂಗಿ ಮಾಡ್ ಅನಾರೋಗ್ಯದಿಂದ ತೀರಿಕೊಂಡದ್ದು ಮೇರಿಯವರ ಮನಸ್ಸನ್ನು ಬಹುವಾಗಿ ಕಲಕಿತು. ಒಂದು ವರ್ಷ ಮನೆಯಲ್ಲಿಯೇ ಉಳಿದು ಗ್ರೀಕ್ ಭಾಷೆಯನ್ನು ಖಾಸಗಿಯಾಗಿ ವ್ಯಾಸಂಗ ಮಾಡಿ, ಪುನಃ ಕಾಲೇಜಿಗೆ ಮರಳಿ, 1885ರಲ್ಲಿ ಪ್ರಾಚೀನ ಭಾಷೆಗಳು ಮತ್ತು ತತ್ತ್ವಶಾಸ್ತ್ರಗಳನ್ನು ಮುಖ್ಯ ವಿಷಯಗಳಾಗಿಟ್ಟುಕೊಂಡು ಪದವೀಧರೆಯಾದರು. ಅನಂತರ ಕುಟುಂಬದೊಡನೆ ಹದಿನಾರು ತಿಂಗಳ ಕಾಲ ಯೂರೋಪಿನಲ್ಲಿ ಪ್ರವಾಸ ಮಾಡಿ, ತಾವು ಓದಿದ್ದ ಗ್ರೀಸ್ ದೇಶವನ್ನೂ ಕಣ್ಣಾರೆ ಕಂಡು ಬಂದರು.

ಅಧ್ಯಾಪಿಕೆಯಾಗಿ ಮನಶ್ಶಾಸ್ತ್ರದತ್ತ

1887ರಲ್ಲಿ ನ್ಯೂಟನ್ನಿಗೆ ಸಮೀಪದ ವೆಲ್ಲೆಸ್ಲಿ ಕಾಲೇಜಿನಲ್ಲಿ ಗ್ರೀಕ್ ಬೋಧಿಸುವ ಕೆಲಸ ದೊರೆಯಿತು. ಅದು ಕೇವಲ ಸ್ತ್ರೀಯರಿಗಾಗಿ ಏರ್ಪಟ್ಟ ಕಾಲೇಜು. ಅಧ್ಯಾಪಕ ವರ್ಗವೂ ಬಹುಮಟ್ಟಿಗೆ ಸ್ತ್ರೀಯರದೇ. ಮೇರಿಯವರ ಬೋಧನಾ ಕೌಶಲವನ್ನೂ ತತ್ತ್ವಶಾಸ್ತ್ರದಲ್ಲಿ ಅವರಿಗಿದ್ದ ಆಸಕ್ತಿಯನ್ನೂ ಹಿರಿಯ ಸಹೋದ್ಯೋಗಿಯೊಬ್ಬರು ಗಮನಿಸಿದರು. ಪ್ರಾಯೋಗಿಕ ಮನಶ್ಶಾಸ್ತ್ರವೆಂಬ ಹೊಸ ಶಾಸ್ತ್ರವು ಆಗತಾನೇ ತಲೆಯೆತ್ತುತ್ತಿದ್ದಿತು. ಜರ್ಮನಿಯ ಲೈಪ್ಸಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಅವರು 1879ರಲ್ಲಿ ಸ್ಥಾಪಿಸಿದ ಪ್ರಯೋಗಶಾಲೆಯಿಂದ ಅದರ ಕೀರ್ತಿ ಅಮೆರಿಕಕ್ಕೂ ಹಬ್ಬಿತ್ತು. ವೆಲ್ಲೆಸ್ಲಿಯಲ್ಲಿಯೂ ಇದನ್ನು ಬೋಧಿಸಬೇಕೆಂದು ಆಡಳಿತದವರು ಸಂಕಲ್ಪಿಸಿ, ಒಂದು ವರ್ಷ ಕಾಲ ಈ ಶಾಸ್ತ್ರವನ್ನು ಕ್ರಮವಾಗಿ ಕಲಿತು ಬರಬೇಕೆಂಬ ನಿಬಂಧನೆಯ ಮೇಲೆ ಆ ಹೊಣೆಯನ್ನು ಮೇರಿಯವರಿಗೆ ವಹಿಸಲು ಒಪ್ಪಿದರು.

ನಿಬಂಧನೆಯೇನೋ ನ್ಯಾಯವಾದುದು. ಆದರೆ ಕಲಿಯುವುದೆಲ್ಲಿ? ಹೆಣ್ಣುಮಕ್ಕಳನ್ನು ಉನ್ನತ ವ್ಯಾಸಂಗಕ್ಕೆ ಸೇರಿಸಿಕೊಳ್ಳುವ ವಿದ್ಯಾಪೀಠಗಳು ಅಂದು ವಿರಳ. ಹತ್ತಿರದಲ್ಲಿದ್ದುದು ಕೇಂಬ್ರಿಜ್ಜಿನ ಹಾರ್ವರ್ಡ್ ವಿಶ್ವವಿದ್ಯಾಲಯ. ವಿಲಿಯಂ ಜೇಮ್ಸ್, ಜೋಸಾಯ ರಾಯ್ಸ್ ಮೊದಲಾದ ಮಹಾಪಂಡಿತರು ಅಲ್ಲಿ ಅಧ್ಯಾಪಕರಾಗಿದ್ದರು. ಈ ಇಬ್ಬರೂ ಮೇರಿಯವರನ್ನು ತಮ್ಮ ತರಗತಿಗಳಿಗೆ ಸಂತೋಷದಿಂದ ಆಹ್ವಾನಿಸಿದರು. ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅವರಾದರೋ ಗಂಡಸರೂ ಹೆಂಗಸರೂ ಒಂದೇ ಕೊಠಡಿಯಲ್ಲಿ ಕುಳಿತು ಕಲಿಯುವುದಕ್ಕೆ ಸುತರಾಂ ಒಪ್ಪಲಿಲ್ಲ. ತಂದೆಯವರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಮನವಿ ಸಲ್ಲಿಸಿದರು. ವೆಲ್ಲೆಸ್ಲಿಯ ಅಧ್ಯಕ್ಷರೂ ಬೆಂಬಲವಾಗಿ ಬರೆದರು. ಕಟ್ಟಕಡೆಗೆ 1890ರ ಅಕ್ಟೋಬರ್ 1ರಂದು ಅನುಮತಿ ದೊರೆಯಿತು. ತರಗತಿಗೆ ಬಂದು ಕೇಳಬಹುದು, ಆದರೆ ದಾಖಲೆಯಲ್ಲಿ ವಿದ್ಯಾರ್ಥಿಯೆಂದು ಹೆಸರು ಬರೆಯಿಸಿಕೊಳ್ಳುವ ಹಕ್ಕಿಲ್ಲವೆಂಬ ಷರತ್ತೂ ಅದರೊಡನೆಯೇ ಬಂದಿತು. ಅತಿಥಿಗೆ ಊಟ ಬಡಿಸಿ, ಪಂಕ್ತಿಯಲ್ಲಿ ಮಾತ್ರ ಎಲೆ ಹಾಕದಂತೆ ಆಯಿತು ಈ ಮರ್ಯಾದೆ!

ಆ ವರ್ಷ ಜೇಮ್ಸ್ ಅವರ ಮನಶ್ಶಾಸ್ತ್ರದ ಮಹಾಗ್ರಂಥವು ಎರಡು ಸಂಪುಟಗಳಲ್ಲಿ ಆಗತಾನೇ ಅಚ್ಚಾಗಿ ಹೊರಬಂದಿತ್ತು. ಅವರ ತರಗತಿಗೆ ಮೇರಿಯವರಲ್ಲದೆ ನಾಲ್ವರು ಪುರುಷ ವಿದ್ಯಾರ್ಥಿಗಳಿದ್ದರು. ಕೆಲವೇ ದಿನಗಳಲ್ಲಿ ಆ ನಾಲ್ವರೂ ಬಿಟ್ಟುಹೋದರು. ಉಳಿದವರು ಗುರು ಒಬ್ಬರು, ಶಿಷ್ಯೆ ಒಬ್ಬರು. ಗ್ರಂಥಾಲಯದ ಅಗ್ಗಿಷ್ಟಿಕೆಯ ಎರಡು ಬದಿಗಳಲ್ಲಿ ಕುಳಿತು, ಹೊಸ ಗ್ರಂಥವನ್ನು ಮುಂದಿಟ್ಟುಕೊಂಡು ಅವರು ನಡೆಸಿದ ಪಾಠವು ನಮ್ಮ ದೇಶದ ಗುರುಕುಲ ಪದ್ಧತಿಯನ್ನು ಸ್ಮರಣೆಗೆ ತರುವಂತಿದೆ. ಗ್ರಂಥಕರ್ತನ ಬಾಯಿಂದಲೇ ಗ್ರಂಥಾರ್ಥವನ್ನು ತಿಳಿಯುವ ಭಾಗ್ಯ ಎಷ್ಟು ಮಂದಿಗೆ ದೊರೆತೀತು? ಅದೇ ಕಾಲದಲ್ಲಿ ಕ್ಲಾರ್ಕ್ ವಿಶ್ವವಿದ್ಯಾಲಯದ ಎಡ್ಮಂಡ್ ಸ್ಯಾನ್‌ಫರ್ಡ್ ಅವರಲ್ಲಿ ಪ್ರಯೋಗ ವಿಧಾನಗಳನ್ನೂ ಮೇರಿಯವರು ಅಭ್ಯಾಸ ಮಾಡಿದರು.

ಇನ್ನೂರು ಡಾಲರುಗಳ ಪ್ರಯೋಗಶಾಲೆ

1891ರಲ್ಲಿ ವೆಲ್ಲೆಸ್ಲಿಗೆ ಮರಳಿದ ಮೇರಿಯವರು ಮಾಡಿದ ಮೊದಲ ಕಾರ್ಯವೆಂದರೆ ಮನಶ್ಶಾಸ್ತ್ರದ ಪ್ರಯೋಗಶಾಲೆಯ ಸ್ಥಾಪನೆ. ಅಮೆರಿಕದಲ್ಲಿ ಅಂಥವು ಬೆರಳೆಣಿಕೆಯಷ್ಟಿದ್ದ ಕಾಲವದು. ಮಹಿಳೆಯೊಬ್ಬರು ಸ್ಥಾಪಿಸಿದ ಪ್ರಯೋಗಶಾಲೆಗಳಲ್ಲಿ ಇದೇ ಮೊದಲನೆಯದು. ಇದಕ್ಕಾಗಿ ದೊರೆತ ಮೂಲಧನ ಇನ್ನೂರು ಡಾಲರುಗಳು. ಸ್ಥಳವೋ ಕಾಲೇಜಿನ ದೊಡ್ಡ ಕಟ್ಟಡದ ಮಾಳಿಗೆಯ ಮೇಲಣ ಅಟ್ಟ. ಸ್ಯಾನ್‌ಫರ್ಡರ ಸಲಹೆಯಂತೆ ಕೆಲವು ಉಪಕರಣಗಳನ್ನು ಕೊಂಡು, ಕೆಲವನ್ನು ಸ್ಥಳದಲ್ಲಿಯೇ ಮಾಡಿಸಿ ಕೆಲಸವನ್ನು ಆರಂಭಿಸಿಯೇಬಿಟ್ಟರು. ಮೊದಲ ವರ್ಷದಲ್ಲಿಯೇ ಐವತ್ತಕ್ಕೂ ಹೆಚ್ಚು ಮಂದಿ ವಿದ್ಯಾರ್ಥಿನಿಯರು ಸೇರಿದರು.

ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಮನಶ್ಶಾಸ್ತ್ರವನ್ನು ಕಲಿತಳೆನ್ನಲು ಏನೇನು ಆಗಿರಬೇಕು? ಈ ಪ್ರಶ್ನೆಗೆ ಇನ್ನೂ ಯಾರೂ ಸ್ಥಿರವಾದ ಉತ್ತರ ಕೊಟ್ಟಿರಲಿಲ್ಲ. ಅದುವರೆಗೆ ಕಾಲೇಜುಗಳಲ್ಲಿ ಮನಶ್ಶಾಸ್ತ್ರವೆಂದರೆ ತತ್ತ್ವಶಾಸ್ತ್ರದ ಒಂದು ಅಧ್ಯಾಯ. ಪುಸ್ತಕವನ್ನೋದಿ ಒಪ್ಪಿಸಿದರೆ ಮುಗಿಯಿತು. ಮೇರಿಯವರ ಕ್ರಮವೇ ಬೇರೆ. ಅವರ ವಿದ್ಯಾರ್ಥಿನಿಯರು ಕುರಿಯ ಮೆದುಳನ್ನು ತಾವೇ ಛೇದಿಸಿ ಅದರ ರಚನೆಯನ್ನು ಅರಿಯಬೇಕಾಗಿತ್ತು. ಇಂದ್ರಿಯ ಸಂವೇದನೆ, ಅವಧಾನ, ಸ್ಮೃತಿ, ಭಾವಗಳ ಸಾಹಚರ್ಯ ಮೊದಲಾದವುಗಳ ಮೇಲೆ ಒಬ್ಬರು ಪ್ರಯೋಗ ಮಾಡುವವರಾಗಿ, ಇನ್ನೊಬ್ಬರು ಪ್ರಯೋಗಕ್ಕೆ ಒಳಗಾಗುವವರಾಗಿ ಕುಳಿತು, ಕಂಡದ್ದನ್ನು ಕಂಡಂತೆ ಬರೆದಿಡಬೇಕಾಗಿತ್ತು. ತನ್ನ ಮನಸ್ಸಿನ ವ್ಯಾಪಾರವನ್ನು ತಾನೇ ಅವಲೋಕಿಸದವಳಿಗೆ ಪುಸ್ತಕದ ಮನಸ್ಸು ಅರ್ಥವಾಗದೆಂಬುದು ಅವರ ಬೋಧನೆಯ ತಳಹದಿ. ತಾವು ನಡೆಸಿದ ಈ ಪಾಠಕ್ರಮವನ್ನು 1892ರಲ್ಲಿ ಲೇಖನವಾಗಿ ಪ್ರಕಟಿಸಿ ಇತರ ಕಾಲೇಜುಗಳ ಮುಂದಿಟ್ಟರು. ಮುಂದೆ 1910ರಲ್ಲಿ, ಪ್ರಯೋಗಶಾಲೆಯಿಲ್ಲದ ಕಾಲೇಜುಗಳಲ್ಲಿ ಪ್ರಾಥಮಿಕ ಮನಶ್ಶಾಸ್ತ್ರದ ಬೋಧನೆಯನ್ನು ಕುರಿತು ವಿಸ್ತಾರವಾದ ಲೇಖನವನ್ನೇ ಬರೆದರು. ಸ್ವತಃ ಪ್ರಯೋಗಶಾಲೆಯನ್ನು ಕಟ್ಟಿದವರು ಅದಿಲ್ಲದವರ ಕಷ್ಟವನ್ನು ಮರೆಯಲಿಲ್ಲವೆಂಬುದು ಗಮನಾರ್ಹ.

ಅಧ್ಯಾಪನದ ಜೊತೆಗೆ ಸಂಶೋಧನೆಯೂ ಸಾಗಿತ್ತು. ಸ್ಯಾನ್‌ಫರ್ಡರೊಡನೆ ಕೂಡಿ ನಡೆಸಿದ ಸ್ವಪ್ನಗಳ ಅಧ್ಯಯನ ಅವುಗಳಲ್ಲೊಂದು. ರಾತ್ರಿಯ ಬೇರೆ ಬೇರೆ ಜಾವಗಳಲ್ಲಿ ಅಲಾರಂ ಗಡಿಯಾರದಿಂದ ಎಚ್ಚರಗೊಂಡು, ಆಗ ಕಂಡ ಕನಸನ್ನು ಒಡನೆಯೇ ಬರೆದಿಡುವುದು ಇದರ ವಿಧಾನ. ಏಳು ವಾರಗಳಷ್ಟು ಕಾಲ ಹೀಗೆ ನಿದ್ರೆಗೆಟ್ಟು ಇಬ್ಬರೂ ಸೇರಿ 375 ಕನಸುಗಳನ್ನು ದಾಖಲೆ ಮಾಡಿದರು. ಅವುಗಳಲ್ಲಿ 205 ಮೇರಿಯವರವು. ಕನಸುಗಳು ಬಹುಮಟ್ಟಿಗೆ ಎಚ್ಚರದ ಬಾಳಿನಲ್ಲಿ ಈಚೆಗೆ ಕಂಡ ಜನ, ಸ್ಥಳ, ಸಂಗತಿಗಳಿಂದಲೇ ಹೆಣೆಯಲ್ಪಡುವುವೆಂದು 1893ರಲ್ಲಿ ಪ್ರಕಟವಾದ ಅವರ ಲೇಖನವು ತಿಳಿಸಿತು. ಕೆಲವು ವರ್ಷಗಳ ಅನಂತರ ಸ್ವಪ್ನವನ್ನು ಕುರಿತು ಬರೆದ ಸಿಗ್ಮಂಡ್ ಫ್ರಾಯ್ಡ್ ಕೂಡ ತಮ್ಮ ಗ್ರಂಥದಲ್ಲಿ ಈ ಅಧ್ಯಯನವನ್ನು ಉಲ್ಲೇಖಿಸಿದ್ದಾರೆ.

ಪರೀಕ್ಷೆಯಲ್ಲಿ ಜಯ, ಪದವಿಗೆ ತಡೆ

1892ರಲ್ಲಿ ಜರ್ಮನಿಯಿಂದ ಹ್ಯೂಗೋ ಮುನ್‌ಸ್ಟರ್‌ಬರ್ಗ್ ಎಂಬ ವಿದ್ವಾಂಸರು ಹಾರ್ವರ್ಡಿನ ಪ್ರಯೋಗಶಾಲೆಯ ನಿರ್ದೇಶಕರಾಗಿ ಬಂದರು. ಇನ್ನೂ ಕಲಿಯಬೇಕೆಂಬ ಹಂಬಲದಿಂದ ಮೇರಿಯವರು ಅವರ ಬಳಿಗೆ ಹೋದರು. ವಿಶ್ವವಿದ್ಯಾಲಯವು ಈ ಸಲವೂ ಅತಿಥಿಯಾಗಿ ಮಾತ್ರ ಅವಕಾಶವಿತ್ತಿತು. ಮೊದಲು ವೆಲ್ಲೆಸ್ಲಿಯ ಪಾಠಗಳ ನಡುವೆ ಬಿಡುವು ಮಾಡಿಕೊಂಡು, ಆಮೇಲೆ 1894-95ರಲ್ಲಿ ಪೂರ್ಣ ರಜೆ ಪಡೆದು ಮುನ್‌ಸ್ಟರ್‌ಬರ್ಗರಲ್ಲಿ ಸಂಶೋಧನೆಯನ್ನು ನಡೆಸಿದರು.

ಆ ಸಂಶೋಧನೆಯ ವಿಷಯ ಸಾಹಚರ್ಯ. ಮಾವಿನ ಚಿಗುರನ್ನು ಕಂಡರೆ ಕೋಗಿಲೆ ನೆನಪಾಗುತ್ತದೆ. ಒಂದು ಭಾವವು ಇನ್ನೊಂದನ್ನು ಎಳೆದು ತರುವುದು ಏಕೆ, ಹೇಗೆ? ತತ್ತ್ವಜ್ಞಾನಿಗಳು ಬಹುಕಾಲದಿಂದ ತರ್ಕಿಸುತ್ತಿದ್ದ ಇದನ್ನು ಮೇರಿಯವರು ಅಳೆದು ನೋಡಲು ಹೊರಟರು. ಒಂದು ಬಣ್ಣವನ್ನೂ ಅದರ ಜೊತೆಗೆ ಒಂದು ಅಂಕೆಯನ್ನೂ ತೋರಿಸುವುದು. ಹೀಗೆ ಹಲವು ಜೋಡಿಗಳನ್ನು ತೋರಿಸಿದ ಮೇಲೆ ಬಣ್ಣವನ್ನು ಮಾತ್ರ ತೋರಿಸಿ ಅಂಕೆಯನ್ನು ಹೇಳಿಸುವುದು. ಕೆಲವು ಜೋಡಿಗಳನ್ನು ಪದೇ ಪದೇ ತೋರಿಸಿದರು, ಕೆಲವನ್ನು ಎದ್ದುಕಾಣುವಂತೆ ಮಾಡಿದರು, ಕೆಲವನ್ನು ಕಡೆಯಲ್ಲಿ ಇಟ್ಟರು. ಇವೆಲ್ಲವುಗಳಲ್ಲಿ ಆವೃತ್ತಿಯೇ, ಅಂದರೆ ಮತ್ತೆ ಮತ್ತೆ ಬರುವುದೇ, ಸ್ಮರಣೆಗೆ ಪ್ರಬಲ ಕಾರಣವೆಂದು ಕಂಡುಕೊಂಡರು. ಮಗ್ಗಿಯನ್ನೂ ಅಮರವನ್ನೂ ಬಾಯಿಪಾಠ ಮಾಡಿಸಿದ ನಮ್ಮ ಹಳೆಯ ಉಪಾಧ್ಯಾಯರು ಇದನ್ನು ಕೇಳಿ ಹಸನ್ಮುಖರಾಗುತ್ತಿದ್ದರೇನೋ. ಈ ಜೋಡಿ ಸಾಹಚರ್ಯ ವಿಧಾನವನ್ನು ಜರ್ಮನಿಯ ಮ್ಯುಲ್ಲರ್ ಅವರು ಪರಿಷ್ಕರಿಸಿದರು. ಟಿಚನರ್ ಅವರು ವಿದ್ಯಾರ್ಥಿಗಳ ಕೈಪಿಡಿಯಲ್ಲಿ ಸೇರಿಸಿದರು. ನಮ್ಮ ನಾಡಿನ ಬಿ.ಎ. ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಜೋಡಿಗಳನ್ನು ನೆನಪಿಟ್ಟು ಹೇಳುವ ಪ್ರಯೋಗವನ್ನು ಮಾಡುವಾಗ, ಅರಿತೋ ಅರಿಯದೆಯೋ, ಈ ಮಹಿಳೆಯ ದಾರಿಯಲ್ಲಿಯೇ ನಡೆಯುತ್ತಾರೆ.

ಮುನ್‌ಸ್ಟರ್‌ಬರ್ಗರು ತಮ್ಮ ಶಿಷ್ಯೆಯ ವಿದ್ವತ್ತಿಗೆ ಮಾರುಹೋದರು. ತಮ್ಮ ಪ್ರಯೋಗಶಾಲೆಯ ವಿದ್ಯಾರ್ಥಿಗಳೆಲ್ಲರಲ್ಲಿ ಈಕೆಯೇ ಅಗ್ರಗಣ್ಯೆಯೆಂದು ತಿಳಿಸಿ, ಡಾಕ್ಟರೇಟ್ ಪದವಿಯ ಅಭ್ಯರ್ಥಿನಿಯೆಂದು ಪರಿಗಣಿಸಬೇಕಾಗಿ 1894ರ ಅಕ್ಟೋಬರಿನಲ್ಲಿ ಆಡಳಿತದವರಿಗೆ ಬರೆದರು. ಮಂಡಳಿಯು ನಿರಾಕರಿಸಿತು. ಗುರುಗಳು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1895ರ ಮೇ 28ರಂದು ತತ್ತ್ವಶಾಸ್ತ್ರ ವಿಭಾಗದ ಅಧ್ಯಾಪಕರು ತಾವಾಗಿಯೇ ಸಭೆ ಸೇರಿ ಅವರನ್ನು ಪರೀಕ್ಷಿಸಿದರು. ಜೇಮ್ಸ್, ರಾಯ್ಸ್, ಮುನ್‌ಸ್ಟರ್‌ಬರ್ಗ್, ಪಾಮರ್, ಸಾಂಟಾಯನ ಮೊದಲಾದವರಿದ್ದ ಪರೀಕ್ಷಕ ಮಂಡಲಿಯದು. ಡಾಕ್ಟರೇಟಿಗೆ ನಡೆಯುವ ಪರೀಕ್ಷೆಗೆ ಇದು ಯಾವ ವಿಧದಲ್ಲಿಯೂ ಕಡಮೆಯಾಗಿರಲಿಲ್ಲ. ಅಭ್ಯರ್ಥಿನಿಯು ಎಲ್ಲ ನಿಬಂಧನೆಗಳನ್ನೂ ಪೂರೈಸಿದ್ದಾರೆಂದು ಅವರೆಲ್ಲರೂ ಒಮ್ಮತದಿಂದ ತೀರ್ಮಾನಿಸಿದರು. ಹಾರ್ವರ್ಡಿನಲ್ಲಿ ಅದುವರೆಗೆ ನಡೆದ ಇಂಥ ಪರೀಕ್ಷೆಗಳಲ್ಲೆಲ್ಲ ಇದೇ ಅತ್ಯಂತ ತೇಜಸ್ವಿಯಾದುದೆಂಬುದು ಜೇಮ್ಸರ ಅಭಿಪ್ರಾಯವಾಗಿತ್ತು. ಈ ತೀರ್ಮಾನವನ್ನು ಆಡಳಿತ ಮಂಡಳಿಗೆ ಕಳುಹಿಸಿದರು. ಪದವಿಯು ಬರಲಿಲ್ಲ. ವ್ಯಾಸಂಗ, ಸಂಶೋಧನೆ, ಪ್ರಬಂಧ, ಪರೀಕ್ಷೆ ಯಾವುದರಲ್ಲಿಯೂ ಕೊರತೆಯಿರಲಿಲ್ಲ. ಅಭ್ಯರ್ಥಿಯು ಹೆಣ್ಣೆಂಬುದೊಂದೇ ಕೊರತೆ! ಪ್ರಬಂಧವು ಮರುವರ್ಷ ಅಚ್ಚಾಗಿ ವಿದ್ವಾಂಸರ ಕೈಸೇರಿತು.

ಬೇರೆಡೆಯಲ್ಲಿಯೂ ಹೀಗೆಯೇ ಇತ್ತೆಂದಲ್ಲ. ಕಾರ್ನೆಲ್ ವಿಶ್ವವಿದ್ಯಾಲಯವು ಮಾರ್ಗರೆಟ್ ವಾಷ್‌ಬರ್ನ್ ಎಂಬ ಮಹಿಳೆಗೆ 1894ರಲ್ಲಿಯೇ ಮನಶ್ಶಾಸ್ತ್ರದ ಡಾಕ್ಟರೇಟನ್ನು ನೀಡಿತ್ತು. ಆದುದರಿಂದ ಕಾಲವೇ ಹಾಗಿತ್ತೆಂಬ ಸಮಾಧಾನ ಇಲ್ಲಿ ಪೂರ್ತಿಯಾಗಿ ಸಲ್ಲದು.

ಸುಲಭವಾದ ದಾರಿಯ ನಿರಾಕರಣೆ

ಏಳು ವರ್ಷಗಳ ಅನಂತರ, 1902ರಲ್ಲಿ, ಇನ್ನೊಂದು ಪರೀಕ್ಷೆ ಎದುರಾಯಿತು. ಇದು ಬುದ್ಧಿಗೆ ಒಡ್ಡಿದ ಪರೀಕ್ಷೆಯಲ್ಲ, ಶೀಲಕ್ಕೆ ಒಡ್ಡಿದ ಪರೀಕ್ಷೆ. ಹಾರ್ವರ್ಡಿಗೆ ಸೇರಿಕೊಂಡಂತೆ ಸ್ತ್ರೀಯರಿಗಾಗಿ ರಾಡ್‌ಕ್ಲಿಫ್ ಕಾಲೇಜು ನಡೆಯುತ್ತಿತ್ತು. ಹಾರ್ವರ್ಡಿನಲ್ಲಿ ವ್ಯಾಸಂಗ ಮುಗಿಸಿದ ನಾಲ್ವರು ಮಹಿಳೆಯರಿಗೆ ರಾಡ್‌ಕ್ಲಿಫ್ ಕಾಲೇಜಿನ ಹೆಸರಿನಲ್ಲಿ ಡಾಕ್ಟರೇಟ್ ಕೊಡುವುದಾಗಿ ತಿಳಿಸಲಾಯಿತು. ಆ ನಾಲ್ವರಲ್ಲಿ ಮೇರಿಯವರೂ ಒಬ್ಬರು. ಸ್ವೀಕರಿಸಬೇಕೆಂದು ಮುನ್‌ಸ್ಟರ್‌ಬರ್ಗರೇ ಒತ್ತಾಯಪಡಿಸಿದರು. ಪದವಿಯಿಂದ ಪ್ರಯೋಜನವುಂಟು, ಸ್ವೀಕರಿಸುವುದೇ ಸುಲಭವೆಂಬುದು ಮೇರಿಯವರಿಗೂ ತಿಳಿದಿತ್ತು. ಆದರೂ ವಿನಯದಿಂದ ನಿರಾಕರಿಸಿದರು. ತಾವು ಕಲಿತದ್ದು ಹಾರ್ವರ್ಡಿನಲ್ಲಿ. ಕಲಿಯದ ಕಾಲೇಜಿನಿಂದ ಪದವಿ ಪಡೆಯುವುದು ಸತ್ಯಕ್ಕೆ ಒಪ್ಪುವುದಲ್ಲ. ಅಷ್ಟೇ ಅಲ್ಲ, ತಾವು ಇದನ್ನು ಒಪ್ಪಿದರೆ ಹೆಣ್ಣುಮಕ್ಕಳಿಗೆ ಹಿಂಬಾಗಿಲೇ ಸಾಕೆಂದು ತಾವೂ ಸಾಕ್ಷಿ ನುಡಿದಂತಾಗಿ, ಮುಂಬಾಗಿಲು ಎಂದೆಂದಿಗೂ ತೆರೆಯದೆ ಹೋದೀತು. ತಮಗೆ ಬರುವ ಲಾಭಕ್ಕಿಂತ ಮುಂದೆ ಬರುವವರ ಹಕ್ಕು ದೊಡ್ಡದೆಂದು ಅವರು ಭಾವಿಸಿದರು.

ಕೀರ್ತಿ ಮತ್ತು ಕೃತಿಗಳು

ಪದವಿಯಿಲ್ಲದಿದ್ದರೂ ವಿದ್ವತ್ತು ಅಡಗಿರಲಿಲ್ಲ. ವೆಲ್ಲೆಸ್ಲಿಯಲ್ಲಿ 1898ರಲ್ಲಿ ಪೂರ್ಣ ಪ್ರಾಧ್ಯಾಪಕ ಸ್ಥಾನ ಲಭಿಸಿತು. ಪ್ರಯೋಗಶಾಲೆಯ ಹೊಣೆಯನ್ನು ಎಲೀನರ್ ಗ್ಯಾಂಬಲ್ ಎಂಬ ಕಿರಿಯ ವಿದುಷಿಗೆ ಒಪ್ಪಿಸಿ, ತಾವು ಶಾಸ್ತ್ರದ ತಾತ್ತ್ವಿಕ ಪ್ರಶ್ನೆಗಳ ಕಡೆಗೆ ತಿರುಗಿದರು. ಅಟ್ಟದ ಆ ಪ್ರಯೋಗಶಾಲೆಯು 1914ರಲ್ಲಿ ಕಾಲೇಜಿನ ಕಟ್ಟಡಕ್ಕೆ ಬೆಂಕಿಬಿದ್ದಾಗ ಸುಟ್ಟುಹೋಯಿತಾದರೂ ಗ್ಯಾಂಬಲ್ ಅವರ ಶ್ರಮದಿಂದ ಮತ್ತೆ ತಲೆಯೆತ್ತಿತು. ಮೇರಿಯವರು 1901ರಲ್ಲಿ ಮನಶ್ಶಾಸ್ತ್ರದ ಪ್ರವೇಶಗ್ರಂಥವನ್ನೂ, 1907ರಲ್ಲಿ ತತ್ತ್ವಶಾಸ್ತ್ರದ ಚಿರಂತನ ಸಮಸ್ಯೆಗಳನ್ನು ಕುರಿತ ಗ್ರಂಥವನ್ನೂ, 1918ರಲ್ಲಿ ನೀತಿಶಾಸ್ತ್ರದ ಗ್ರಂಥವನ್ನೂ ಪ್ರಕಟಿಸಿದರು. ಸಂವೇದನೆ, ಭಾವನೆ, ಸ್ಮರಣೆಗಳೆಲ್ಲ ಯಾರೋ ಒಬ್ಬರವು. ಆ ಅನುಭವಿಸುವ ಆತ್ಮವನ್ನು, ವ್ಯಕ್ತಿಯನ್ನು, ಬಿಟ್ಟು ಮನಸ್ಸಿನ ಶಾಸ್ತ್ರವಿಲ್ಲವೆಂಬುದು ಅವರ ಸಿದ್ಧಾಂತ. ಕೇವಲ ಬಾಹ್ಯ ವರ್ತನೆಯನ್ನೇ ಶಾಸ್ತ್ರವಿಷಯವೆಂದು ಸಾರಿದ ವರ್ತನವಾದವು ಪ್ರಬಲವಾಗಿ ಬೀಸಿದಾಗಲೂ ಅವರು ತಮ್ಮ ಪಕ್ಷವನ್ನು ಬಿಡಲಿಲ್ಲ.

ಸ್ತ್ರೀಪುರುಷರ ಬುದ್ಧಿಯಲ್ಲಿ ಸ್ವಾಭಾವಿಕ ಭೇದವುಂಟೆಂದು ಜೋಸೆಫ್ ಜ್ಯಾಸ್ಟ್ರೋ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗದ ಆಧಾರದಿಂದ ವಾದಿಸಿದಾಗ, ಅದೇ ಪ್ರಯೋಗವನ್ನು ವೆಲ್ಲೆಸ್ಲಿಯಲ್ಲಿ ಮಾಡಿಸಿ, ಫಲಿತಾಂಶ ಬೇರೆಯಾಗಿ ಬಂದುದನ್ನು ತೋರಿಸಿದರು. ಹುಟ್ಟಿದಂದಿನಿಂದ ಬೇರೆ ಬೇರೆ ಶಿಕ್ಷಣ, ಬೇರೆ ಬೇರೆ ಪರಿಸರಗಳಲ್ಲಿ ಬೆಳೆದವರಲ್ಲಿ ಯಾವ ಭೇದ ಸ್ವಭಾವದ್ದು, ಯಾವುದು ಶಿಕ್ಷಣದ್ದೆಂದು ಹೇಳಲಾಗದೆಂಬುದು ಅವರ ವಾದದ ತಿರುಳು.

1905ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘವು ಅವರನ್ನು ಅಧ್ಯಕ್ಷೆಯನ್ನಾಗಿ ಆರಿಸಿತು. ಆ ಪೀಠವನ್ನೇರಿದ ಮೊದಲ ಮಹಿಳೆ ಅವರೇ. 1918ರಲ್ಲಿ ಅಮೆರಿಕದ ತತ್ತ್ವಶಾಸ್ತ್ರ ಸಂಘಕ್ಕೂ ಅಧ್ಯಕ್ಷೆಯಾದರು. ಅಲ್ಲಿಯೂ ಅವರೇ ಮೊದಲಿಗರು. 1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ, 1910ರಲ್ಲಿ ತಾವು ಓದಿದ ಸ್ಮಿತ್ ಕಾಲೇಜು ಗೌರವ ಪದವಿಗಳನ್ನಿತ್ತು ಮನ್ನಿಸಿದವು. 1927ರಲ್ಲಿ ಹಾರ್ವರ್ಡಿನ ಪದವೀಧರರೇ ಆದ ಹದಿಮೂರು ಮಂದಿ ವಿದ್ವಾಂಸರು, ಅವರಿಗೆ ಸಲ್ಲಬೇಕಾದ ಪದವಿಯನ್ನು ಈಗಲಾದರೂ ಕೊಡಬೇಕೆಂದು ಅಧ್ಯಕ್ಷರಲ್ಲಿ ಬಿನ್ನವಿಸಿಕೊಂಡರು. ಕೊಡಲು ಸಾಕಷ್ಟು ಕಾರಣ ಕಾಣದೆಂಬ ಉತ್ತರ ಬಂದಿತು.

ಅಂತ್ಯ

ನಲವತ್ತೆರಡು ವರ್ಷಗಳ ಸೇವೆಯ ಅನಂತರ 1929ರಲ್ಲಿ ಮೇರಿಯವರು ವೆಲ್ಲೆಸ್ಲಿಯಿಂದ ನಿವೃತ್ತರಾದರು. ವಿಶ್ರಾಂತಿಯ ಕಾಲವು ದೀರ್ಘವಾಗಲಿಲ್ಲ. ಅರ್ಬುದ ರೋಗಕ್ಕೆ ತುತ್ತಾಗಿ 1930ರ ಫೆಬ್ರವರಿಯಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ, ನ್ಯೂಟನ್ನಿನ ಮನೆಯಲ್ಲಿ ಕಾಲವಾದರು. ಅದೇ ವರ್ಷ ಅಚ್ಚಾದ ಅವರ ಸಂಕ್ಷಿಪ್ತ ಆತ್ಮವೃತ್ತಾಂತದಲ್ಲಿ ಗುರುಗಳ ಬಗೆಗೆ ತುಂಬಿದ ಕೃತಜ್ಞತೆಯಿದೆ. ಪದವಿಯನ್ನು ತಪ್ಪಿಸಿದವರ ಮೇಲೆ ದ್ವೇಷದ ಸುಳಿವಿಲ್ಲ. ಅವರು ತೀರಿಕೊಂಡ ಮೂವತ್ತಮೂರು ವರ್ಷಗಳ ಅನಂತರ, 1963ರಲ್ಲಿ, ಹಾರ್ವರ್ಡ್ ತನ್ನದೇ ಹೆಸರಿನ ಡಾಕ್ಟರೇಟನ್ನು ಮಹಿಳೆಯರಿಗೆ ಕೊಡತೊಡಗಿತು. ಅವರು ಕಾಯ್ದಿದ್ದ ಮುಂಬಾಗಿಲು ತೆರೆಯಿತು. ಒಳಗೆ ಹೋಗಲು ಅವರಿರಲಿಲ್ಲ.

ಈ ಜೀವನದಿಂದ ವಿದ್ಯಾಕ್ಷೇತ್ರದಲ್ಲಿರುವವರೆಲ್ಲರೂ ಗ್ರಹಿಸಬೇಕಾದ ಸಂಗತಿಗಳುಂಟು. ಅಧ್ಯಾಪಕರಾದವರು ಶಿಷ್ಯರ ಯೋಗ್ಯತೆಗೆ ಸಾಕ್ಷಿಯಾಗಿ ನಿಲ್ಲಬೇಕು. ಮೇಲಿನವರು ಒಪ್ಪಲಿ, ಬಿಡಲಿ, ಜೇಮ್ಸ್ ಮುನ್‌ಸ್ಟರ್‌ಬರ್ಗರಂತೆ ಕಂಡ ಸತ್ಯವನ್ನು ಹೇಳಬೇಕು. ದಾನಿಗಳಾದವರು, ಇನ್ನೂರು ಡಾಲರುಗಳ ಅಲ್ಪ ಮೂಲಧನವು ಯೋಗ್ಯರ ಕೈ ಸೇರಿದಾಗ ಏನಾಯಿತೆಂಬುದನ್ನು ನೆನೆಯಬೇಕು. ಪದವಿ ಪಡೆದು ಹೊರಹೋದ ವಿದ್ಯಾರ್ಥಿಗಳು, ತಮ್ಮ ಕೈಯಲ್ಲಿರುವ ಪತ್ರಕ್ಕೆ ತಕ್ಕ ವಿದ್ಯೆ ತಮ್ಮಲ್ಲಿ ಉಳಿದಿದೆಯೇ ಎಂದು ಒಮ್ಮೆ ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಆಡಳಿತದಲ್ಲಿರುವವರಾದರೋ, ನಿಬಂಧನೆಗಳನ್ನು ಪೂರೈಸಿ ಬಾಗಿಲಲ್ಲಿ ನಿಂತವರನ್ನು ಹುಟ್ಟಿನ ಕಾರಣದಿಂದ ಹಿಂದಿರುಗಿಸುವ ಪಾಪವು ತಮ್ಮ ಸಂಸ್ಥೆಗೆ ಎಂದೂ ತಟ್ಟದಂತೆ ನೋಡಿಕೊಳ್ಳಬೇಕು. ಪದವಿಯನ್ನು ತಡೆಹಿಡಿದ ಮಂಡಳಿಯ ಸದಸ್ಯರ ಹೆಸರುಗಳನ್ನು ಇಂದು ಬಲ್ಲವರು ಕಡಮೆ. ಅದನ್ನು ಪಡೆಯದೆ ಹೋದ ವಿದುಷಿಯ ಹೆಸರು ಮಾತ್ರ ಮನಶ್ಶಾಸ್ತ್ರದ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿದೆ.